ಟ್ರಾವೆಲ್ ಪಾಲಿಸಿಯ ಮೊದಲ ಸಾಲನ್ನು ರೈಲಿಗೆ ಕೊಡಿ: ಬೆಂಗಳೂರಿನ ಕಂಪನಿ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಗೆ,
ಬೆಂಗಳೂರಿನ ಕಂಪನಿಗಳ ಆಡಳಿತ ನಿರ್ದೇಶಕರು, ಹಣಕಾಸು ಮುಖ್ಯಸ್ಥರು ಮತ್ತು ಎಚ್‌ಆರ್ ಮುಖ್ಯಸ್ಥರಿಗೆ,

ವಿಷಯ: ಕಂಪನಿ ಕೆಲಸದ ಓಡಾಟದಿಂದ ಆಗುವ ಪರಿಸರ ಹಾನಿ ಕಡಿಮೆ ಮಾಡಲು ಪ್ರಯಾಣದ ನಿಯಮ ಬದಲಿಸುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಟ್ರಾವೆಲ್ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ನಿಮ್ಮಂಥ ಕಂಪನಿಗಳ ನೌಕರರಿಗೆ ವಿಮಾನ, ರೈಲು, ಹೋಟೆಲ್, ಕ್ಯಾಬ್ ಬುಕ್ ಮಾಡುವುದೇ ನನ್ನ ಹೊಟ್ಟೆಪಾಡು. ಯಾರು ಎಲ್ಲಿಗೆ ಹೋಗುತ್ತಾರೆ, ಎಷ್ಟು ಹೊತ್ತಿನ ಕೆಲಸಕ್ಕೆ ಹೋಗುತ್ತಾರೆ, ಯಾವಾಗ ಗೊತ್ತಾಗಿ ಯಾವಾಗ ಹೊರಡುತ್ತಾರೆ ಅನ್ನುವುದೆಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ನೌಕರರು ಯಾರೂ ವಿಮಾನವೇ ಬೇಕು ಅಂತ ಹಟ ಹಿಡಿದು ಕೂತಿಲ್ಲ. ನೀವು ಬರೆದಿಟ್ಟ ಟ್ರಾವೆಲ್ ಪಾಲಿಸಿ ಅವರನ್ನು ವಿಮಾನ ಹತ್ತಿಸುತ್ತಿದೆ. ಆ ಪಾಲಿಸಿಯನ್ನು ತಿದ್ದಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಜೂನ್ 5ರ ವಿಶ್ವ ಪರಿಸರ ದಿನ ಬಂತು ಅಂದರೆ ಎಲ್ಲ ಆಫೀಸಿನಲ್ಲೂ ಮೇಲ್ ಬರುತ್ತದೆ. ಪೇಪರ್ ಕಪ್ ಬೇಡ, ಸುಮ್ನೆ ಪ್ರಿಂಟ್ ತೆಗೆಯಬೇಡಿ, ಹೋಗುವಾಗ ಲೈಟ್ ಆರಿಸಿ. ಒಳ್ಳೆಯದೇ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಒಬ್ಬರು ಒಂದು ತಿಂಗಳ ಪೇಪರ್ ಕಪ್ಪನ್ನೆಲ್ಲ ಉಳಿಸಿದರೂ ಅದು ಅವರೇ ಒಂದು ಸಲ ಚೆನ್ನೈಗೆ ವಿಮಾನದಲ್ಲಿ ಹೋಗಿ ಬಂದದ್ದಕ್ಕೆ ಸಮ ಆಗುವುದಿಲ್ಲ. ಸಣ್ಣ ವಿಷಯಕ್ಕೆಲ್ಲ ನೌಕರರ ಹತ್ತಿರ ಮನವಿ ಮಾಡುತ್ತೀರಿ. ದೊಡ್ಡ ವಿಷಯ ಇರುವುದು ನಿಮ್ಮ ಕೈಯಲ್ಲಿ, ಅದರ ಮಾತೇ ಎತ್ತುವುದಿಲ್ಲ. ನನ್ನ ದೂರು ಇದೇ.

ಚೆನ್ನೈ ಹೆಸರು ಬಂತಲ್ಲ, ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಡೆಸ್ಕಿಗೆ ಬರುವ ಕೋರಿಕೆಗಳಲ್ಲಿ 'ಡೇ ರಿಟರ್ನ್' ಅನ್ನುವುದು ತುಂಬಾ ಸಾಮಾನ್ಯ. ಬೆಳಗ್ಗೆ ಹೋಗಿ ರಾತ್ರಿ ವಾಪಸ್. ಬೆಳಗ್ಗೆ ಆರರ ವಿಮಾನ ಅಂದರೆ ಎಲೆಕ್ಟ್ರಾನಿಕ್ ಸಿಟಿ ಕಡೆ ಮನೆ ಇರುವವರು ಮೂರಕ್ಕೆಲ್ಲ ಕ್ಯಾಬ್ ಹತ್ತಬೇಕು. ದೇವನಹಳ್ಳಿ ಅಲ್ಲಿಂದ 50 ಕಿಲೋಮೀಟರಿಗೂ ಮೇಲೆ. ಮೊದಲೆಲ್ಲ ವಿಮಾನ ಹತ್ತುತ್ತಿದ್ದದ್ದು ಎಚ್‌ಎಎಲ್‌ನಲ್ಲಿ, ಅದು ಊರೊಳಗೇ ಇತ್ತು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯಿತು. ಆದರೆ ಹತ್ತಿರದ ಊರಿಗೂ ವಿಮಾನವೇ ಬೇಗ ಅನ್ನುವ ಲೆಕ್ಕ ಮಾತ್ರ ಪಾಲಿಸಿಯಲ್ಲಿ ಹಾಗೇ ಉಳಿದುಕೊಂಡಿದೆ. ಏಳಕ್ಕೆ ಮೀನಂಬಾಕ್ಕಂನಲ್ಲಿ ಇಳಿದವರು ಹತ್ತರ ಮೀಟಿಂಗಿಗಾಗಿ ಎಲ್ಲೋ ಕಾಫಿ ಕುಡಿಯುತ್ತಾ ಕಾಯುತ್ತಾರೆ. ಮೀಟಿಂಗ್ ಮಧ್ಯಾಹ್ನಕ್ಕೆ ಮುಗಿದಿರುತ್ತದೆ. ವಾಪಸ್ ಟಿಕೆಟ್ ರಾತ್ರಿ ಎಂಟಕ್ಕೋ ಒಂಬತ್ತಕ್ಕೋ. ಮನೆ ಸೇರುವಾಗ ಹನ್ನೊಂದೂವರೆ ದಾಟಿರುತ್ತದೆ. ಮನೆಯಲ್ಲಿ ಸಣ್ಣ ಮಗು ಇರುವ ಹೆಣ್ಣುಮಕ್ಕಳು ಫೋನ್ ಮಾಡಿ, ಬೇರೆ ಏನಾದರೂ ದಾರಿ ಇದೆಯಾ, ರೈಲಿನಲ್ಲಿ ಹೋಗಬಹುದಾ ಅಂತ ಕೇಳಿದ್ದುಂಟು. ಪಾಲಿಸಿಯಲ್ಲಿ ಇಲ್ಲ ಮೇಡಂ ಅಂತ ಹೇಳಬೇಕಾಗಿ ಬಂದಿದೆ.

ರೈಲು ಇಲ್ಲವಾ? ಇದೆ. ಬೆಂಗಳೂರಿನಿಂದ ಚೆನ್ನೈ ಸೆಂಟ್ರಲ್‌ಗೆ ಸುಮಾರು 360 ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ವಂದೇ ಭಾರತ್ ಓಡಿದ್ದೇ ಈ ದಾರಿಯಲ್ಲಿ, 2022ರ ನವೆಂಬರ್‌ನಲ್ಲಿ, ಮೈಸೂರಿನಿಂದ ಚೆನ್ನೈಗೆ. ಮೆಜೆಸ್ಟಿಕ್‌ನಿಂದ ಏಳೂಮುಕ್ಕಾಲರ ಸುಮಾರಿಗೆ ಹೊರಟರೆ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಚೆನ್ನೈ. ಶತಾಬ್ದಿ ಇನ್ನೂ ಬೇಗ ಹೊರಡುತ್ತದೆ, ಹನ್ನೊಂದರ ಆಸುಪಾಸಿಗೆ ಮುಟ್ಟಿಸುತ್ತದೆ. ವೈಟ್‌ಫೀಲ್ಡ್ ಕಡೆಯವರಿಗೆ ನೇರಳೆ ಮಾರ್ಗದ ಮೆಟ್ರೊ ನೇರವಾಗಿ ರೈಲು ನಿಲ್ದಾಣದ ಬಾಗಿಲಿಗೇ ತಂದು ಬಿಡುತ್ತದೆ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗವೂ ಶುರುವಾಗಿದೆ, ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರೋಡಿನಲ್ಲಿ ಒಂದು ಸಲ ಬದಲಿಸಿದರೆ ಸಾಕು. ಇಷ್ಟೆಲ್ಲ ಇದ್ದೂ ರೈಲು ಯಾಕೆ ಆಗುವುದಿಲ್ಲ ಅಂದರೆ, ಮೀಟಿಂಗ್ ಹತ್ತಕ್ಕೆ ಇಟ್ಟಿರುತ್ತಾರೆ. ಅದನ್ನು ಎರಡು ಗಂಟೆಗೆ ಇಡಿ. ಅಷ್ಟೇ. ಆ ಒಂದು ಬದಲಾವಣೆಯಿಂದ ನಾಲ್ಕು ಜನರ ತಂಡ ವಿಮಾನ ಬಿಟ್ಟು ರೈಲಿನಲ್ಲಿ ಹೋಗಬಹುದು, ಮನುಷ್ಯರು ಏಳುವ ಹೊತ್ತಿಗೆ ಎದ್ದು ಹೋಗಬಹುದು.

ಎಲ್ಲಕ್ಕೂ ಇದು ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಗಿಂಡಿಯಲ್ಲೋ ಟಿ. ನಗರದಲ್ಲೋ ಕೆಲಸ ಇದ್ದರೆ ಅದೇ ದಿನ ಸಂಜೆಯ ರೈಲು ಹಿಡಿದು ಬರಬಹುದು. ಚೆನ್ನೈಯ ಐಟಿ ಕಂಪನಿಗಳಿರುವ ಉದ್ದನೆಯ ರಸ್ತೆ ಓಎಂಆರ್‌ನ ಆ ತುದಿಯಲ್ಲಿ ಆಫೀಸ್ ಇದ್ದರೆ ಆಗುವುದಿಲ್ಲ, ಸೆಂಟ್ರಲ್‌ನಿಂದ ಅಲ್ಲಿಗೆ ಹೋಗಲಿಕ್ಕೇ ಒಂದು ಗಂಟೆಯ ಮೇಲೆ ಬೇಕು. ಅಂಥವರಿಗೆ ರಾತ್ರಿ ಬೆಂಗಳೂರು ಮೇಲ್ ಇದೆ, ಇಲ್ಲವೇ ಒಂದು ರಾತ್ರಿ ಉಳಿಯಲು ಹೋಟೆಲ್ ಕೊಡಬೇಕು. ಈಗ ಹೋಟೆಲ್ ಖರ್ಚು ಉಳಿಸಲು ಅಂತಲೇ ಡೇ ರಿಟರ್ನ್ ಹಾಕುತ್ತಾರೆ. ಆ ರಾತ್ರಿಯ ಬಾಡಿಗೆ ಉಳಿಯಿತು ನಿಜ. ಗಾಳಿಗೆ ಏನು ಸೇರಿತು ಅನ್ನುವುದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಏನು ಸೇರುತ್ತದೆ ಅಂತ ಒರಟಾಗಿ ಲೆಕ್ಕ ಹಾಕೋಣ. ಈ ದಾರಿಗಳಲ್ಲಿ ಹಾರುವ ಏರ್‌ಬಸ್ ಎ320ಯಂಥ ವಿಮಾನ ಗಂಟೆಗೆ ಸುಮಾರು ಎರಡೂವರೆ ಟನ್ ಇಂಧನ ಸುಡುತ್ತದೆ. ಚೆನ್ನೈಯಂಥ ಹತ್ತಿರದ ಊರಿಗೆ ಎರಡು ಟನ್ ಅಂತ ಇಟ್ಟುಕೊಳ್ಳಿ. ಒಂದು ಕೆಜಿ ವಿಮಾನ ಇಂಧನ ಉರಿದರೆ 3.16 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಲ್ಲಿಗೆ ಆರು ಟನ್ ದಾಟಿತು. 150 ಜನಕ್ಕೆ ಹಂಚಿದರೆ ತಲೆಗೆ 40 ಕೆಜಿಗೂ ಜಾಸ್ತಿ. ಹೋಗಿ ಬರಲು 80 ಕೆಜಿಗೂ ಮೇಲೆ. ಒಂದು ಬೆಳಗಿನ ಮೀಟಿಂಗಿಗೆ. ವಿಮಾನ ಮೇಲೇರುವಾಗಲೇ ಇಂಧನ ಜಾಸ್ತಿ ಬೇಕಾಗುವುದರಿಂದ, ದಾರಿ ಚಿಕ್ಕದಾದಷ್ಟೂ ಕಿಲೋಮೀಟರಿಗೆ ಬೀಳುವ ಹೊಗೆ ಹೆಚ್ಚು. ಇದರ ಮೇಲೆ ಎತ್ತರದಲ್ಲಿ ವಿಮಾನ ಬಿಟ್ಟು ಹೋಗುವ ಬಿಳಿ ಗೆರೆಗಳೂ ಶಾಖವನ್ನು ಹಿಡಿದಿಡುತ್ತವೆ, ಅದು ಈ ಲೆಕ್ಕದಲ್ಲಿ ಸೇರಿಲ್ಲ.

ರೈಲಿನ ವಿದ್ಯುತ್ತೂ ಕಲ್ಲಿದ್ದಲಿನಿಂದಲೇ ಬರುವುದಲ್ವಾ ಅಂತ ನನ್ನನ್ನು ಕೇಳಿದವರಿದ್ದಾರೆ. ಹೌದು, ಬಹುಪಾಲು ಅಲ್ಲಿಂದಲೇ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಆದರೂ 16 ಬೋಗಿಯ ಒಂದು ವಂದೇ ಭಾರತ್‌ನಲ್ಲಿ 1,128 ಸೀಟುಗಳಿವೆ. ಅಷ್ಟು ಜನಕ್ಕೆ ಹಂಚಿದಾಗ ಚೆನ್ನೈ ಪ್ರಯಾಣಕ್ಕೆ ತಲೆಗೆ ಬರುವುದು ಕೆಲವೇ ಕೆಜಿ. ಮುಂದೆ ಸೌರ ವಿದ್ಯುತ್, ಗಾಳಿ ವಿದ್ಯುತ್ ಜಾಸ್ತಿಯಾದಂತೆ ಅದೂ ಇಳಿಯುತ್ತದೆ. ವಿಮಾನಕ್ಕೆ ಹಾಗೆ ಇಳಿಯುವ ದಾರಿ ಸದ್ಯಕ್ಕೆ ದೂರ. ಜೈವಿಕ ವಿಮಾನ ಇಂಧನ ಬೆರೆಸಲು ಕೇಂದ್ರ ಸರ್ಕಾರ ಇಟ್ಟುಕೊಂಡಿರುವ ಗುರಿ 2027ಕ್ಕೆ ಶೇ 1, 2028ಕ್ಕೆ ಶೇ 2, ಅದೂ ಹೊರದೇಶದ ಹಾರಾಟಗಳಿಗೆ ಮಾತ್ರ. ಅದನ್ನೇ ನಂಬಿ ಕೂರಲು ಆಗುವುದಿಲ್ಲ.

ಚೆನ್ನೈ ಒಂದೇ ಅಲ್ಲ. ಹುಬ್ಬಳ್ಳಿಗೆ ವಂದೇ ಭಾರತ್‌ನಲ್ಲಿ ಐದು ಗಂಟೆ ಚಿಲ್ಲರೆ. ರಾತ್ರಿ ರಾಣಿ ಚೆನ್ನಮ್ಮ ಹತ್ತಿ ಮಲಗಿದರೆ ಬೆಳಗ್ಗೆ ಹುಬ್ಬಳ್ಳಿ, ಆಮೇಲೆ ಬೆಳಗಾವಿ. ಕೊಯಮತ್ತೂರಿಗೆ ಆರೂವರೆ ಗಂಟೆ. ಹೈದರಾಬಾದಿಗೆ ಹಗಲು ಹೋಗುವುದು ಉದ್ದ ಆಯಿತು, ಎಂಟೂವರೆ ಗಂಟೆ. ಅಲ್ಲಿಗೆ ರಾತ್ರಿಯ ಕಾಚಿಗುಡ ರೈಲೇ ವಾಸಿ. ಸಿಗಲಿಲ್ಲ ಅಂದರೆ ಕೆಎಸ್‌ಆರ್‌ಟಿಸಿಯ ಮಲಗುವ ಬಸ್ಸುಗಳಿವೆ, ಅಂಬಾರಿ ಉತ್ಸವದಂಥವು. ಚೆನ್ನಾಗೇ ಇವೆ. ಇವು ಯಾವುವೂ ನಾನು ನೋಡಿದ ಹೆಚ್ಚಿನ ಬುಕಿಂಗ್ ಪೋರ್ಟಲ್‌ಗಳಲ್ಲಿ ಮೊದಲ ಪುಟದಲ್ಲಿ ಬರುವುದಿಲ್ಲ. ಊರಿನ ಹೆಸರು ಟೈಪ್ ಮಾಡಿದ ಕೂಡಲೇ ವಿಮಾನಗಳ ಪಟ್ಟಿ ತೆರೆದುಕೊಳ್ಳುತ್ತದೆ. ರೈಲು ಬೇಕಾದರೆ ಬೇರೆ ಮೇಲ್ ಬರೆಯಬೇಕು, ಮ್ಯಾನೇಜರ್ ಹತ್ತಿರ ಇನ್ನೊಂದು ಅಪ್ರೂವಲ್ ತರಬೇಕು. ಹುಬ್ಬಳ್ಳಿ ಮೂಲದ ಒಬ್ಬರು ಕೆಲಸ ಮುಗಿಸಿ ಹಾಗೇ ಮನೆಗೂ ಹೋಗಿ ಬರೋಣ ಅಂತ ರೈಲು ಕೇಳಿದರು. ಯಾಕೆ ರೈಲು ಅಂತ ಕಾರಣ ಬರೆದು ಕೊಡಿ ಅಂತ ಅವರ ಕಂಪನಿಯವರು ಅಂದರು. ಅವರು ಸುಮ್ಮನಾಗಿ ವಿಮಾನವೇ ತೆಗೆದುಕೊಂಡರು. ಕಾರಣ ಕೇಳಬೇಕಾದದ್ದು ವಿಮಾನಕ್ಕಲ್ವಾ?

ಈಗ ಪಾಲಿಸಿಯ ಗ್ರೇಡ್ ಕೋಷ್ಟಕಕ್ಕೆ ಬರುತ್ತೇನೆ, ಯಾಕೆಂದರೆ ಎಲ್ಲಕ್ಕಿಂತ ದೊಡ್ಡ ತೊಡಕು ಅಲ್ಲೇ ಇದೆ. ನಾನು ನೋಡಿರುವ ಎಷ್ಟೋ ಪಾಲಿಸಿಗಳಲ್ಲಿ ಒಂದೇ ರೀತಿಯ ಕೋಷ್ಟಕ. ಕೆಳಗಿನ ಗ್ರೇಡಿನವರಿಗೆ ತ್ರೀ ಟಯರ್ ಎಸಿ. ಅದರ ಮೇಲಿನವರಿಗೆ ಟೂ ಟಯರ್. ಮ್ಯಾನೇಜರ್ ಆದ ಮೇಲೆ ಇಕಾನಮಿ ವಿಮಾನ. ಇನ್ನೂ ಮೇಲೆ ಹೋದರೆ ಬಿಸಿನೆಸ್ ಕ್ಲಾಸ್. ಹೀಗೆ ಬರೆದಾಗ ರೈಲು ಅನ್ನುವುದು ಚಿಕ್ಕವರ ಪಾಲಿಗೆ, ವಿಮಾನ ಅನ್ನುವುದು ಬಡ್ತಿಯ ಗುರುತಿಗೆ ಅಂತ ಆಗಿಹೋಗುತ್ತದೆ. ಹೊಸದಾಗಿ ಮ್ಯಾನೇಜರ್ ಆದವರು ರೈಲಿನಲ್ಲಿ ಹೋಗುತ್ತೇನೆ ಅಂದರೆ ಜತೆಯವರು ವಿಚಿತ್ರವಾಗಿ ನೋಡುತ್ತಾರೆ. ಕೆಲವು ಕಡೆ ಮ್ಯಾನೇಜರಿಗೆ ರೈಲಿನ ಎಕ್ಸಿಕ್ಯುಟಿವ್ ಕ್ಲಾಸ್ ಬುಕ್ ಮಾಡಿದರೆ ಬಿಲ್ ಪಾಸ್ ಆಗುವುದಿಲ್ಲ, ಕೋಷ್ಟಕದಲ್ಲಿ ಆ ಸಾಲೇ ಇಲ್ಲ. ಅದಕ್ಕಿಂತ ದುಬಾರಿ ವಿಮಾನದ ಟಿಕೆಟ್ ಮಾತ್ರ ಮಾತಿಲ್ಲದೆ ಪಾಸ್. ಈ ಕೋಷ್ಟಕ ಬರೆದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಹಳೇ ಕಾಲದ ಕೋಷ್ಟಕ, ಯಾರೂ ತೆಗೆದು ನೋಡಿಲ್ಲ. ಈಗ ನೋಡಿ. ಗ್ರೇಡ್ ಯಾವುದೇ ಇರಲಿ, ದೂರ ಎಷ್ಟು ಅನ್ನುವುದರ ಮೇಲೆ ವಾಹನ ಯಾವುದು ಅಂತ ಬರೆಯಿರಿ. ರೈಲಿನಲ್ಲಿ ಹೋಗುವವರಿಗೆ ಅದರಲ್ಲೇ ಒಳ್ಳೆಯ ಸೀಟು ಕೊಡಿ, ಚಿಕ್ಕ ಗ್ರೇಡಿನವರಿಗೂ ಕೊಡಿ.

ಇನ್ನೊಂದು ತೊಡಕು ಹೊತ್ತಿನದು. ಮುಂದಿನ ವಾರದ ಮೀಟಿಂಗ್ ಈ ವಾರದ ಕೊನೆಗೆ ಗೊತ್ತಾಗುತ್ತದೆ. ನಾಳಿದ್ದಿನದು ಇವತ್ತು ಸಂಜೆ. ವಿಮಾನದ ಕಾರ್ಪೊರೇಟ್ ದರದಲ್ಲಿ ಕೊನೇ ಗಳಿಗೆಯಲ್ಲೂ ಸೀಟು ಸಿಗುತ್ತದೆ, ದಿನಾಂಕ ಬದಲಿಸಲೂ ಸುಲಭ. ರೈಲಿನಲ್ಲಿ ಹಾಗಲ್ಲ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅರವತ್ತು ದಿನ ಅಂದರೂ ಕಡಿಮೆಯೇನಲ್ಲ. ಆದರೆ ಎರಡು ದಿನ ಮುಂಚೆ ನಮ್ಮ ಹತ್ತಿರ ಬಂದರೆ ವೇಟಿಂಗ್ ಲಿಸ್ಟ್ ಬಿಟ್ಟು ಏನೂ ಇರುವುದಿಲ್ಲ. ತತ್ಕಾಲ್ ಮಾಡಿಕೊಡಿ ಅನ್ನುತ್ತಾರೆ. ಎಸಿ ತತ್ಕಾಲ್ ಹಿಂದಿನ ದಿನ ಬೆಳಗ್ಗೆ ಹತ್ತಕ್ಕೆ ತೆರೆಯುತ್ತದೆ. 2025ರ ಜುಲೈಯಿಂದ ಮೊದಲ ಅರ್ಧ ಗಂಟೆ ಏಜೆಂಟರು ಬುಕ್ ಮಾಡುವ ಹಾಗಿಲ್ಲ. ನಮಗೆ ಬಾಗಿಲು ತೆರೆಯುವುದು ಹತ್ತೂವರೆಗೆ, ಬೇಡಿಕೆ ಇರುವ ರೈಲುಗಳಲ್ಲಿ ಅಷ್ಟರಲ್ಲಿ ಸೀಟು ಖಾಲಿ. ಮಾಮೂಲಿ ಪ್ರಯಾಣಿಕರಿಗೆ ಒಳ್ಳೆಯದಾಗಲಿ ಅಂತ ಮಾಡಿದ ನಿಯಮ ಅದು, ನನಗೆ ತಕರಾರಿಲ್ಲ. ನಾನು ಹೇಳುವುದು, ತಿಂಗಳಿಗೊಮ್ಮೆ ನಡೆಯುವ ರಿವ್ಯೂ, ಮೂರು ತಿಂಗಳಿಗೊಮ್ಮೆ ಬರುವ ಆಡಿಟ್, ವರ್ಷಕ್ಕೊಮ್ಮೆ ಆಗುವ ಟ್ರೈನಿಂಗ್, ಇವುಗಳ ದಿನಾಂಕ ಮೊದಲೇ ಗೊತ್ತಿರುತ್ತದೆ. ಅದನ್ನು ಟ್ರಾವೆಲ್ ಡೆಸ್ಕಿಗೆ ಒಂದೂವರೆ ತಿಂಗಳ ಮುಂಚೆ ಹೇಳಿಬಿಡಿ. ರೈಲು ಟಿಕೆಟ್ ತೆಗೆದುಕೊಡುವ ಹೊಣೆ ನಮ್ಮದು.

ವಿಮಾನ ಕಂಪನಿಗಳ ಜತೆಗಿನ ಒಪ್ಪಂದವನ್ನೂ ಇಲ್ಲಿ ಹೇಳಬೇಕು. ವರ್ಷಕ್ಕೆ ಇಷ್ಟು ಬುಕಿಂಗ್ ಕೊಟ್ಟರೆ ಇಷ್ಟು ರಿಯಾಯಿತಿ ಅಂತ ಎಷ್ಟೋ ಕಡೆ ಇರುತ್ತದೆ. ಬುಕಿಂಗ್ ಕಡಿಮೆಯಾದರೆ ರಿಯಾಯಿತಿ ಹೋಗುತ್ತದೆ ಅನ್ನುವ ಅಂಜಿಕೆಯಲ್ಲಿ ವರ್ಷದ ಕೊನೆಗೆ ಓಡಾಟ ಕಡಿಮೆ ಮಾಡಿ ಅಂತ ಯಾರೂ ಹೇಳುವುದಿಲ್ಲ. ಮುಂದಿನ ಒಪ್ಪಂದಕ್ಕೆ ಕೂರುವಾಗ ಹತ್ತಿರದ ಊರುಗಳನ್ನು ಆ ಲೆಕ್ಕದಿಂದ ತೆಗೆಯಿರಿ. ಇದು ಹಣಕಾಸು ಮುಖ್ಯಸ್ಥರಿಗೆ ನನ್ನ ನೇರ ಮನವಿ.

ದೂರದ ಊರಿಗೆ ಈ ಮಾತು ನಡೆಯುವುದಿಲ್ಲ ಅಂತ ಗೊತ್ತು. ಮುಂಬೈಗೆ ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಬೇಕು. ದಿಲ್ಲಿ ಇನ್ನೂ ದೂರ. ಅಲ್ಲಿಗೆ ರೈಲಿನಲ್ಲಿ ಹೋಗಿ ಅಂತ ಯಾರಿಗೂ ಹೇಳಲಾರೆ. ಆದರೆ ಎಷ್ಟು ಸಲ, ಎಷ್ಟು ಜನ ಅನ್ನುವುದು ನಿಮ್ಮ ಕೈಯಲ್ಲೇ ಇದೆ. ಒಂದೇ ತಂಡದವರು ಒಂದೇ ತಿಂಗಳಲ್ಲಿ ಒಂದೇ ಗಿರಾಕಿಯನ್ನು ನೋಡಲು ಬೇರೆ ಬೇರೆ ದಿನ ಮುಂಬೈಗೆ ಹೋಗಿ ಬರುವುದನ್ನು ನಾನು ನೋಡಿದ್ದೇನೆ. ಒಬ್ಬರು ಮಂಗಳವಾರ, ಇನ್ನೊಬ್ಬರು ಶುಕ್ರವಾರ. ಮಾತಾಡುವವರು ಒಬ್ಬರು, ಜತೆಗೆ ಕೂರುವವರು ಮೂವರು. ಮೂರು ಪ್ರಯಾಣವನ್ನು ಕೂಡಿಸಿ ಒಂದು ಮಾಡಿ, ಎರಡು ದಿನ ಉಳಿದು ಎಲ್ಲ ಕೆಲಸ ಮುಗಿಸಿ ಬರಲಿ. ಉಳಿದವರು ಇಲ್ಲಿಂದಲೇ ವಿಡಿಯೊದಲ್ಲಿ ಸೇರಿಕೊಳ್ಳಲಿ.

ಹೊರದೇಶದ್ದು ಇನ್ನೂ ದೊಡ್ಡ ಲೆಕ್ಕ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿಲೋಮೀಟರ್. ಇಕಾನಮಿಯಲ್ಲೇ ಹೋಗಿ ಬಂದರೂ ಒಬ್ಬರ ಪಾಲಿಗೆ ಎರಡು ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಒಬ್ಬ ಭಾರತೀಯನ ಇಡೀ ವರ್ಷದ ಸರಾಸರಿಯೇ ಸುಮಾರು ಎರಡು ಟನ್. ಅಡುಗೆ, ಕರೆಂಟು, ಓಡಾಟ, ಊರಿನ ಕಾರ್ಖಾನೆ ಎಲ್ಲ ಸೇರಿ. ಬಿಸಿನೆಸ್ ಕ್ಲಾಸಿನ ಒಂದು ಸೀಟು ವಿಮಾನದಲ್ಲಿ ಹಿಡಿಯುವ ಜಾಗ ಜಾಸ್ತಿ, ಅದಕ್ಕೇ ದೂರದ ಹಾರಾಟದಲ್ಲಿ ಅದರ ಪಾಲಿನ ಹೊಗೆ ಇಕಾನಮಿಯ ಸುಮಾರು ಮೂರು ಪಟ್ಟು. ವಯಸ್ಸಾದವರಿಗೆ, ಬೆನ್ನುನೋವು ಇರುವವರಿಗೆ, ಇಳಿದ ಕೂಡಲೇ ಕೆಲಸಕ್ಕೆ ಕೂರಬೇಕಾದವರಿಗೆ ಕೊಡಿ, ಬೇಡ ಅನ್ನುವುದಿಲ್ಲ. ಗ್ರೇಡ್ ಬಂತು ಅಂದ ಮಾತ್ರಕ್ಕೆ ಕೊಡುವುದನ್ನು ನಿಲ್ಲಿಸಿ.

ಜಗತ್ತಿನ ಲೆಕ್ಕ ನೋಡಿದರೆ ಇದು ಎಷ್ಟು ಕಡಿಮೆ ಜನರ ವಿಷಯ ಅನ್ನುವುದು ತಿಳಿಯುತ್ತದೆ. 2018ರ ಅಂಕಿಅಂಶ ಇಟ್ಟುಕೊಂಡು 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಆ ವರ್ಷ ವಿಮಾನ ಹತ್ತಿದವರು ಪ್ರಪಂಚದ ಜನರಲ್ಲಿ ಶೇ 11ರಷ್ಟು ಮಾತ್ರ. ಪ್ರಯಾಣಿಕ ವಿಮಾನಗಳ ಹೊಗೆಯ ಅರ್ಧದಷ್ಟಕ್ಕೆ ಕಾರಣ ಪದೇ ಪದೇ ಹಾರುವ ಶೇ 1ರಷ್ಟು ಜನ. ನಿಮ್ಮ ಕಂಪನಿಗಳಲ್ಲಿ ವಾರಕ್ಕೊಮ್ಮೆ ಹಾರುವವರು ಆ ಗುಂಪಿನವರು. ಅವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ಹಾರಿ ಹಾರಿ ಸಾಕಾಗಿದೆ. ಸಂಖ್ಯೆ ಚಿಕ್ಕದಿರುವುದರಿಂದ ಸರಿಪಡಿಸುವುದೂ ಸುಲಭ ಅಂತ ಹೇಳುತ್ತಿದ್ದೇನೆ.

ಎದುರು ಕೂತು ಮಾತಾಡದೆ ವ್ಯವಹಾರ ನಡೆಯುವುದಿಲ್ಲ ಅನ್ನುವವರಿಗೆ ಒಂದು ಮಾತು. 2020ರ ಮಾರ್ಚ್‌ನಿಂದ ತಿಂಗಳುಗಟ್ಟಲೆ ನಮ್ಮ ಡೆಸ್ಕಿನಲ್ಲಿ ಕ್ಯಾನ್ಸಲ್ ಮಾಡುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ನಮ್ಮಂಥ ಎಷ್ಟೋ ಜನರ ಕೆಲಸ ಹೋಯಿತು, ಆ ದಿನ ವಾಪಸ್ ಬರಲಿ ಅಂತ ನಾನಂತೂ ಬಯಸುವುದಿಲ್ಲ. ಆದರೆ ಆಗಲೂ ಪ್ರಾಜೆಕ್ಟ್ ಮುಗಿದವು, ಹೊಸ ಗಿರಾಕಿಗಳು ಬಂದರು, ಆಡಿಟ್ ಕೂಡ ನಡೆಯಿತು. ಯಾವುದಕ್ಕೆ ಮುಖಾಮುಖಿ ಬೇಕು, ಯಾವುದಕ್ಕೆ ಬೇಡ ಅನ್ನುವುದು ಆಗಲೇ ನಿಮಗೆ ಗೊತ್ತಾಗಿದೆ. ಹೊಸ ಗಿರಾಕಿಯ ಮೊದಲ ಭೇಟಿಗೆ ಹೋಗಲಿ. ಮೆಷೀನ್ ಕೆಟ್ಟಾಗ ಎಂಜಿನಿಯರ್ ಹೋಗಲೇಬೇಕು. ಸ್ಲೈಡ್ ತೋರಿಸುವ ಒಳಗಿನ ರಿವ್ಯೂಗೆ ನಾಲ್ಕು ಊರಿಂದ ಜನ ಯಾಕೆ ಹಾರಿ ಬರಬೇಕು? ಮೈಸೂರು, ಮಂಗಳೂರು, ಹುಬ್ಬಳ್ಳಿಯ ನಿಮ್ಮ ಆಫೀಸುಗಳಲ್ಲಿ ಮಾತು ಸರಿಯಾಗಿ ಕೇಳಿಸುವ ಒಂದೊಂದು ಒಳ್ಳೆಯ ವಿಡಿಯೊ ಕೋಣೆ ಮಾಡಿಕೊಡಿ. ಅಲ್ಲಿನವರು ಬೆಂಗಳೂರಿಗೆ ಬರಲೇಬೇಕು ಅಂತ ಹಟ ಮಾಡುವುದು ಎಷ್ಟೋ ಸಲ ಇಲ್ಲಿನವರ ಮಾತು ಅವರಿಗೆ ಫೋನಿನಲ್ಲಿ ಅರ್ಧವೂ ಕೇಳಿಸುವುದಿಲ್ಲ ಅಂತ.

ವಿಮಾನ ನಿಲ್ದಾಣದ ಕ್ಯಾಬ್ ವಿಷಯ ಸಣ್ಣದು, ಆದರೂ ಹೇಳಿಬಿಡುತ್ತೇನೆ. ಒಂದೇ ವಿಮಾನಕ್ಕೆ ಹೋಗುವ ಒಂದೇ ಆಫೀಸಿನ ಮೂವರಿಗೆ ಮೂರು ಕ್ಯಾಬ್ ಕಳಿಸುತ್ತೇವೆ, ಯಾಕೆಂದರೆ ಪಾಲಿಸಿಯಲ್ಲಿ ಹಂಚಿಕೊಂಡು ಹೋಗಿ ಅಂತ ಇಲ್ಲ. ಬಿಎಂಟಿಸಿಯ ವಾಯು ವಜ್ರ ಬಸ್ಸು ಊರಿನ ಎಲ್ಲ ಕಡೆಯಿಂದಲೂ ಇದೆ. ಬಸ್ಸಿನ ಟಿಕೆಟ್ಟನ್ನು ಬಿಲ್ಲಿಗೆ ಹಾಕಿದರೆ ಕೆಲವು ಕಡೆ ವಾಪಸ್ ಕಳಿಸುತ್ತಾರೆ. ಇವೆರಡನ್ನೂ ಒಂದು ಸುತ್ತೋಲೆಯಲ್ಲಿ ಸರಿಮಾಡಬಹುದು.

ಇದೆಲ್ಲ ನಮ್ಮ ಊರಿಗೆ ಯಾಕೆ ಸಂಬಂಧ ಅಂದರೆ, 2022ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಮಳೆ ನೆನಪು ಮಾಡಿಕೊಳ್ಳಿ. ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ನಿಮ್ಮದೇ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಹೊರ ವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಒಂದೇ ದಿನದಲ್ಲಿ 225 ಕೋಟಿ ರೂಪಾಯಿ ನಷ್ಟವಾಯಿತು ಅಂತ ಹೇಳಿತು. 2024ರ ಬೇಸಿಗೆಯಲ್ಲಿ ಊರಿನ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು. ಕೆರೆ ಮುಚ್ಚಿದ್ದು, ರಾಜಕಾಲುವೆ ಒತ್ತುವರಿ ಮಾಡಿದ್ದು, ಅಂತರ್ಜಲ ಬರಿದು ಮಾಡಿದ್ದು ದೊಡ್ಡ ಕಾರಣ, ಅದನ್ನು ಮರೆಸಲು ಹೋಗುವುದಿಲ್ಲ. ಆದರೆ ಭೂಮಿ ಬಿಸಿಯಾದಷ್ಟೂ ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ, ಬರ ಬಂದರೆ ಇನ್ನಷ್ಟು ಸುಡುತ್ತದೆ. ಆಗ ನೀವು ಸರ್ಕಾರವನ್ನು ಕೇಳಿದಿರಿ, ಕೇಳಿದ್ದು ಸರಿ. ಅಷ್ಟೇ ಹಕ್ಕಿನಿಂದ ಈ ಊರಿನವರು ನಿಮ್ಮನ್ನು ಕೇಳಬಹುದು.

ಲೆಕ್ಕ ಬಹಿರಂಗ ಮಾಡುವ ವಿಷಯಕ್ಕೆ ಬಂದರೆ, ಷೇರು ಮಾರುಕಟ್ಟೆಯಲ್ಲಿರುವ ಮೊದಲ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್, ಅಂದರೆ ಪರಿಸರ ಮತ್ತು ಸಮಾಜದ ಹೊಣೆಗಾರಿಕೆಯ ವರದಿ ಕೊಡಲೇಬೇಕು ಅಂತ ಮಾರುಕಟ್ಟೆಯ ಮೇಲೆ ನಿಗಾ ಇಡುವ ಸೆಬಿ ಹೇಳಿದೆ. ಆದರೆ ಅದರಲ್ಲಿ ಸ್ಕೋಪ್ 3 ಅನ್ನುವ ಭಾಗ, ಅಂದರೆ ಕಂಪನಿ ತಾನೇ ನೇರವಾಗಿ ಬಿಡದಿದ್ದರೂ ಅದರ ಕೆಲಸಕ್ಕಾಗಿ ಬೇರೆ ಕಡೆ ಬರುವ ಹೊಗೆಯ ಲೆಕ್ಕ, ಬೇಕಿದ್ದರೆ ಕೊಡಿ ಅನ್ನುವ ಕಡೆ ಇದೆ. ನೌಕರರ ಕೆಲಸದ ಪ್ರಯಾಣ ಸೇರುವುದು ಆ ಸ್ಕೋಪ್ 3ರಲ್ಲೇ, ಅದರ 15 ವಿಭಾಗಗಳಲ್ಲಿ ಆರನೆಯದು. ಆಫೀಸ್ ಕಟ್ಟಡದ ಚಾವಣಿಗೆ ಸೋಲಾರ್ ಹಾಕಿದ ಫೋಟೊ ವರದಿಯಲ್ಲಿ ದೊಡ್ಡದಾಗಿ ಬರುತ್ತದೆ, ಹಾಕಿದ್ದು ಮೆಚ್ಚಬೇಕಾದ ಕೆಲಸವೇ. ಪ್ರಯಾಣದ ಅಂಕಿ ಎಲ್ಲಿ ಅಂತ ಹುಡುಕಿದರೆ ಎಷ್ಟೋ ವರದಿಗಳಲ್ಲಿ ಸಿಗುವುದಿಲ್ಲ. ಈ ಅಂಕಿ ಕೊಡುವುದು ಕಷ್ಟವೇ ಅಲ್ಲ. ಯಾವ ಊರಿಂದ ಯಾವ ಊರಿಗೆ, ಯಾವ ಕ್ಲಾಸ್, ಎಷ್ಟು ಜನ ಅನ್ನುವುದೆಲ್ಲ ನಮ್ಮ ಡೆಸ್ಕಿನ ಕಂಪ್ಯೂಟರಿನಲ್ಲಿ ಆಗಲೇ ಇದೆ. ಕೇಳಿದರೆ ಒಂದೇ ದಿನದಲ್ಲಿ ಹಾಳೆ ತೆಗೆದುಕೊಡುತ್ತೇವೆ. ಗಿಡ ನೆಟ್ಟು ಸಮ ಮಾಡುತ್ತೇವೆ ಅನ್ನುವುದನ್ನು ಆಮೇಲೆ ನೋಡೋಣ. ನೆಟ್ಟ ಗಿಡ ಬದುಕಿ ದೊಡ್ಡದಾಗಲು ವರ್ಷಗಟ್ಟಲೆ ಬೇಕು, ಹೊಗೆ ಹೋಗುವುದು ಇವತ್ತೇ. ಮೊದಲು ಕಡಿಮೆ ಮಾಡಿ.

ಫ್ರಾನ್ಸಿನಲ್ಲಿ ಸರ್ಕಾರವೇ ಇದಕ್ಕೆ ಕೈಹಾಕಿದೆ. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಊರಿಗೆ ದೇಶದೊಳಗಿನ ವಿಮಾನ ಬೇಡ ಅಂತ 2023ರ ಮೇ ತಿಂಗಳಲ್ಲಿ ನಿಯಮ ಬಂತು. ಪ್ಯಾರಿಸ್‌ನ ಓರ್ಲಿಯಿಂದ ಬೋರ್ಡೊ, ನಾಂಟ್, ಲಿಯಾನ್ ಹೀಗೆ ಮೂರೇ ದಾರಿಗೆ ಅನ್ವಯಿಸಿತು, ಅದು ಸಾಲದು ಅಂತ ಅಲ್ಲಿಯೇ ಜನ ಟೀಕಿಸಿದರು. ನಮ್ಮಲ್ಲಿ ಅಷ್ಟು ವೇಗದ ರೈಲು ಇಲ್ಲ, ಅಂಥ ಕಾನೂನು ಬರುವ ಲಕ್ಷಣವೂ ಕಾಣುವುದಿಲ್ಲ. ಕಂಪನಿಯೊಳಗೆ ನಿಯಮ ಮಾಡಲು ನಿಮಗೆ ಯಾರ ಕಾನೂನೂ ಬೇಕಿಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ರೈಲಿನಲ್ಲಿ ಆರು ಗಂಟೆ ಅಥವಾ ಒಂದು ರಾತ್ರಿಯಲ್ಲಿ ತಲುಪುವ ಊರಿಗೆ ರೈಲೇ ಮೊದಲು ಅಂತ ಪಾಲಿಸಿಯಲ್ಲಿ ಬರೆಯಿರಿ, ವಿಮಾನ ಬೇಕಾದವರು ಕಾರಣ ಬರೆಯಲಿ. ಗ್ರೇಡ್ ಕೋಷ್ಟಕ ತೆಗೆಯಿರಿ. ರೈಲಿನಲ್ಲಿ ಕೂತ ಹೊತ್ತನ್ನು ಕೆಲಸದ ಹೊತ್ತು ಅಂತ ಒಪ್ಪಿಕೊಳ್ಳಿ, ರಾತ್ರಿ ರೈಲಿನಲ್ಲಿ ಬಂದವರನ್ನು ಒಂಬತ್ತಕ್ಕೇ ಆಫೀಸಿಗೆ ಬನ್ನಿ ಅನ್ನಬೇಡಿ. ಇದನ್ನು ಬರೆಯದೇ ಹೋದರೆ ಪರಿಸರದ ಹೆಸರಿನಲ್ಲಿ ನೌಕರರ ನಿದ್ದೆ ಕಿತ್ತುಕೊಂಡ ಹಾಗೆ ಆಗುತ್ತದೆ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಹೆಣ್ಣುಮಕ್ಕಳು ನಡುರಾತ್ರಿ ನಿಲ್ದಾಣದಲ್ಲಿ ಇಳಿಯಬೇಕಾದರೆ ಕ್ಯಾಬ್ ಕಂಪನಿಯೇ ಕೊಡಲಿ, ಬೇಡ ಅಂದರೆ ವಿಮಾನ ಕೊಡಿ. ಅಪ್ರೂವಲ್ ಮೇಲ್‌ನಲ್ಲಿ ಟಿಕೆಟ್ ದರದ ಪಕ್ಕದಲ್ಲೇ ಎಷ್ಟು ಕೆಜಿ ಇಂಗಾಲ ಅನ್ನುವುದೂ ಕಾಣಲಿ, ಸಹಿ ಹಾಕುವವರು ಅದನ್ನು ನೋಡಿ ಸಹಿ ಹಾಕಲಿ. ಪ್ರತಿ ವಿಭಾಗಕ್ಕೆ ವರ್ಷಕ್ಕೆ ಇಷ್ಟು ರೂಪಾಯಿ ಅಂತ ಬಜೆಟ್ ಕೊಡುವ ಹಾಗೆ ಇಷ್ಟು ಟನ್ ಅಂತಲೂ ಕೊಡಿ, ವರ್ಷ ವರ್ಷ ಇಳಿಸಿ. ವರದಿಯಲ್ಲಿ ಆ ಸಂಖ್ಯೆಯನ್ನು ಹಾಕಿ, ಅದರಲ್ಲಿ ನಿರ್ದೇಶಕರ ಪ್ರಯಾಣ ಎಷ್ಟು ಅಂತ ಬೇರೆಯಾಗಿ ತೋರಿಸಿ.

ಕೊನೆಯದಂತೂ ಆಗಲೇಬೇಕು. ಎಂಡಿಯವರು ಒಂದು ಸಲ ಚೆನ್ನೈಗೆ ರೈಲಿನಲ್ಲಿ ಹೋದರೆ ಮರುದಿನದಿಂದ ನಮ್ಮ ಡೆಸ್ಕಿಗೆ ರೈಲಿನ ಕೋರಿಕೆ ಬರಲು ಶುರುವಾಗುತ್ತದೆ. ದೊಡ್ಡವರು ಏನು ಮಾಡುತ್ತಾರೆ ಅಂತ ಆಫೀಸಿನಲ್ಲಿ ಎಲ್ಲರೂ ನೋಡುತ್ತಿರುತ್ತಾರೆ.

ಹೊಸ ಆರ್ಥಿಕ ವರ್ಷದ ಪಾಲಿಸಿಗಳು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ತಿದ್ದುಪಡಿಗೆ ಬರುತ್ತವೆ, ಏಪ್ರಿಲ್ 1ಕ್ಕೆ ಜಾರಿಯಾಗುತ್ತವೆ. ಆ ಕಡತ ಮೇಜಿಗೆ ಬಂದಾಗ ಹೋದ ವರ್ಷದ್ದಕ್ಕೇ ದಿನಾಂಕ ಬದಲಿಸಿ ಸಹಿ ಹಾಕಬೇಡಿ. ನಿಮ್ಮ ಟ್ರಾವೆಲ್ ಡೆಸ್ಕಿನವರನ್ನು ಒಂದು ಗಂಟೆ ಕೂರಿಸಿಕೊಂಡು, ಎಲ್ಲೆಲ್ಲಿ ರೈಲು ಸಾಧ್ಯ ಅಂತ ಕೇಳಿ. ಅವರ ಹತ್ತಿರ ಪಟ್ಟಿ ಇರುತ್ತದೆ. ಈ ಪತ್ರಕ್ಕೆ ಉತ್ತರ ಕೊಡುವ ಮನಸ್ಸಿದ್ದರೆ ನಿಮ್ಮ ನೌಕರರೆಲ್ಲ ಓದುವ ಹಾಗೆ, ಯಾವ ಊರಿಗೆ ಯಾವ ತಿಂಗಳಿಂದ ಅಂತ ಬರೆದು ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಟ್ರಾವೆಲ್ ಡೆಸ್ಕ್ ಉದ್ಯೋಗಿ